ಕಾಗೆ ಬಡಿದ ಮೇಲೆ ಬರೆದ ಕತೆ

ಇವತ್ತು ಬೆಳಿಗ್ಗೆ ಮಾಳಿಗೆಯ ಮೇಲೆ ನಿಂತಿದ್ದಾಗ ಕಾಗೆಯೊಂದು ಬಂದು ನನ್ನ ಬೋಳುತಲೆಗೆ ಬಡಿದು ಹೋಯಿತು. ನಾನು ಅದಕ್ಕೇನೂ ಮಾಡಿರಲಿಲ್ಲ. ಅದರ ಗೂಡಿಗೆ ಕೈ ಹಾಕಿರಲಿಲ್ಲ, ಮರಿಯತ್ತ ನೋಡಿರಲಿಲ್ಲ. ಹೊಸ ಕತೆಯ ಮೊದಲ ಸಾಲು ಹೊಳೆಯಲೊಲ್ಲದಲ್ಲ ಎಂದು ನೀರಿನ ಟಾಕಿಗೆ ಬೆನ್ನು ಕೊಟ್ಟು ಆಕಾಶ ನೋಡುತ್ತಿದ್ದೆ, ಅಷ್ಟೇ. ಕತೆ ಬರೆಯುವವರು ಆಗಾಗ ಆಕಾಶ ನೋಡಬೇಕು ಎಂದು ಯಾರೋ ಹೇಳಿದ್ದನ್ನು ನಂಬಿ ಕೆಟ್ಟೆ.

ಬಟ್ಟೆ ಒಣಹಾಕುತ್ತಿದ್ದ ನನ್ನ ಹೆಂಡತಿ ಕಸ್ತೂರಿ ನೋಡಿಯೇಬಿಟ್ಟಳು.

"ಅಯ್ಯ ಶಿವನ! ಕಾಗಿ ಬಡೀತಲ್ರಿ ತಲಿಗೆ!"

"ಬಡೀಲಿ ಬಿಡು. ಕಿತ್ತಕೊಂಡು ಹೋಗಾಕ ಕೂದಲರ ಎಲ್ಲಿ ಅದಾವ?"

"ನಗೂ ಮಾತಲ್ಲರಿ ಇದು. ಮೊದಲ ಇಳದು ತಲಿ ಮ್ಯಾಲ ನೀರ ಹಾಕ್ಕೊಳ್ರಿ. ಹೊರ್ತಿ ಅಕ್ಕಾರಿಗೆ ಈಗ ಫೋನ್ ಹಚ್ಚತೇನಿ."

"ನಿನ್ನ ಕಾಲ ಬೀಳ್ತೇನಿ, ಅಕ್ಕಗ ಒಂದ ಹೇಳಬ್ಯಾಡ," ಎಂದು ನಾನು ಕೈ ಮುಗಿದೆ. ಅವಳು ನನ್ನ ಮಾತು ಕೇಳಿದ್ದು ಮದುವೆಯ ದಿನ ಒಮ್ಮೆ ಇರಬೇಕು. ಮೆಟ್ಟಿಲು ಇಳಿಯುವಾಗಲೇ ಅವಳ ಕೈ ಸೆರಗಿನಲ್ಲಿ ಸಿಕ್ಕಿಸಿದ್ದ ಫೋನಿಗೆ ಹೋಗಿತ್ತು.

ಹೊರ್ತಿ ಊರಿನಲ್ಲಿರುವ ನನ್ನ ಅಕ್ಕನಿಗೆ ಯಾಕೆ ಹೇಳಬಾರದಿತ್ತು ಎಂಬುದು ದೊಡ್ಡ ಕತೆ. ಹೇಳುತ್ತೇನೆ, ನೀವೂ ಕೂತುಕೊಳ್ಳಿ. ನಿಂತು ಹೇಳುವ ತ್ರಾಣ ನನ್ನಲ್ಲಂತೂ ಉಳಿದಿಲ್ಲ. ಈಚೆಗೆ ಕೂತರೆ ಏಳುವುದು ಬೇಸರ, ಎದ್ದರೆ ಕೂರುವುದು ಬೇಸರ. ಮೊಣಕಾಲುಗಳೆರಡೂ ನನಗಿಂತ ಮೊದಲೇ ನಿವೃತ್ತಿ ತೆಗೆದುಕೊಂಡಿವೆ.

ಕಾಗೆ ತಲೆಗೆ ಬಡಿದರೆ ಸಾವು ಬೆನ್ನು ಹತ್ತಿದೆ ಎಂಬುದು ನಮ್ಮ ಕಡೆಯ ನಂಬಿಕೆ. ನಂಬಿಕೆ ಇದ್ದ ಮೇಲೆ ಪರಿಹಾರವೂ ಇರಬೇಕಲ್ಲ. ಬಡಿಸಿಕೊಂಡವರು ಸತ್ತೇಹೋದರೆಂದು ಬೇರೆ ಊರಿನ ಹತ್ತಿರದ ನೆಂಟರಿಗೆ ಸುಳ್ಳು ಸುದ್ದಿ ಕಳಿಸಬೇಕು. ಅವರು ಖರೆ ಎಂದು ತಿಳಿದು ಅಳಬೇಕು. ಆ ಅಳು ಕೇಳಿದ ಸಾವು, ಓಹೋ, ಇಲ್ಲಿಯ ಕೆಲಸ ಯಾರೋ ಮುಗಿಸಿದ್ದಾರೆ ಎಂದುಕೊಂಡು ಮುಂದಿನ ಊರಿನ ದಾರಿ ಹಿಡಿಯುತ್ತದೆ. ನಮ್ಮ ಹಿರಿಯರು ಸಾವಿನಂಥ ಸಾವನ್ನೂ ಇಷ್ಟು ಸಲೀಸಾಗಿ ಯಾಮಾರಿಸುತ್ತಿದ್ದರು.

ನಾನು ಚಿಕ್ಕವನಿದ್ದಾಗ ನಮ್ಮವ್ವನಿಗೆ ಹೀಗೆ ಕಾಗೆ ಬಡಿದಿತ್ತು. ಅಪ್ಪ ಕೂಡಲೇ ಓಣಿಯ ಒಬ್ಬನನ್ನು ಅವ್ವನ ತವರೂರು ದೇವಣಗಾಂವಕ್ಕೆ ಅಟ್ಟಿದ. ಮಧ್ಯಾಹ್ನ ಇಳಿಯುವ ಹೊತ್ತಿಗೆ ಅಜ್ಜಿ, ಸೋದರಮಾವ ಎಲ್ಲರೂ ಗಾಡಿ ಕಟ್ಟಿಕೊಂಡು ಬಂದರು. ಓಣಿಯ ತಿರುವಿನಲ್ಲೇ ಅಜ್ಜಿ ಗಾಡಿಯಿಂದ ಇಳಿದು ಎದೆ ಬಡಿದುಕೊಳ್ಳುತ್ತ ಓಡಿ ಬಂದಳು. ಅವ್ವ ಬಾಗಿಲ ಹಿಂದೆ ನಿಂತು ಬಾಯಿಗೆ ಸೆರಗು ಒತ್ತಿಕೊಂಡು ನಗು ತಡೆಯುತ್ತಿದ್ದಳು. ಅವ್ವ ಬದುಕಿದ್ದಾಳೆಂದು ನನಗೆ ಗೊತ್ತಿತ್ತು. ಅವಳು ಮಾಡಿದ ಬಿಸಿರೊಟ್ಟಿ ಆಗಷ್ಟೇ ನನ್ನ ಹೊಟ್ಟೆ ಸೇರಿತ್ತು. ಆದರೂ ಅಜ್ಜಿ "ನನ್ನ ಮಗಳ, ನನ್ನ ಬಿಟ್ಟ ಹ್ವಾದೆಲ್ಲ ನನ್ನವ್ವಾ" ಎಂದು ಅಂಗಳದಲ್ಲಿ ಬಿದ್ದದ್ದೇ ತಡ, ನಾನೂ ಭೋರೆಂದು ಅಳತೊಡಗಿದೆ. ಪಕ್ಕದಲ್ಲಿದ್ದ ಅಕ್ಕ ನನ್ನ ತೊಡೆ ಚಿವುಟಿ, "ಏ ಖೋಡಿ, ಸುಳ್ಳ ಐತೋ, ಸುಮ್ಮಕಿರೊ," ಎಂದಳು. ಸುಳ್ಳೆಂದು ಗೊತ್ತಿದ್ದೂ ನನ್ನ ಅಳು ನಿಲ್ಲಲಿಲ್ಲ. ಅವ್ವ ಕಾಲಿಗೆ ನೀರು ತಂದು ಹೊರಗೆ ಬಂದಾಗ ಅಜ್ಜಿ ಮೊದಲು ಅವಳ ಗಲ್ಲ ಮುಟ್ಟಿ ನೋಡಿದಳು, ಆಮೇಲೆ ಕಾಲಲ್ಲಿದ್ದ ಚಪ್ಪಲಿ ಹಿಡಿದು ಅಪ್ಪನನ್ನು ಅಂಗಳದ ತುಂಬ ಅಟ್ಟಾಡಿಸಿದಳು. ಆ ಸಂಜೆ ಎಲ್ಲರೂ ಕೂತು ಗೋದಿ ಹುಗ್ಗಿ ಉಂಡೆವು. ಅಷ್ಟು ರುಚಿಯಾದ ಹುಗ್ಗಿ ಆಮೇಲೆ ಉಂಡ ನೆನಪಿಲ್ಲ.

ಅಕ್ಕನ ಹೆಸರು ನೀಲವ್ವ. ನನಗಿಂತ ಬಹಳ ದೊಡ್ಡವಳು. ಮದುವೆಯಾಗಿ ಹೊರ್ತಿಗೆ ಹೋದಳು. ಕೆಲವು ವರ್ಷಗಳ ಮೇಲೆ ಅವ್ವ ಖರೇನೇ ತೀರಿಕೊಂಡಾಗ, ದಿನಕರ್ಮ ಮುಗಿದ ಮರುದಿನವೇ ನನ್ನ ಎರಡು ಅಂಗಿ, ಪಾಟಿಚೀಲ ಗಂಟು ಕಟ್ಟಿ, "ನಡಿ, ನಮ್ಮೂರಾಗೂ ಸಾಲಿ ಐತಿ," ಎಂದು ಕೈ ಹಿಡಿದು ಕರೆದುಕೊಂಡು ಹೋದಳು. ನಾನು ಬೆಳೆದದ್ದು ಅವಳ ಮನೆಯಲ್ಲಿ. ಸಾಲಿ ಬಿಟ್ಟು ಬಂದವನು ಬಾಗಿಲಲ್ಲಿ ನಿಂತು "ಯಕ್ಕಾ" ಎಂದು ಕೂಗುತ್ತಿದ್ದೆ. ಅವಳು ಒಳಗೆ ಹಿಟ್ಟು ನಾದುತ್ತಿರಲಿ, ಹಿತ್ತಲಲ್ಲಿ ಎಮ್ಮೆ ಹಿಂಡುತ್ತಿರಲಿ, "ಓ... ಬಂದೆ ತಮ್ಮಾ" ಎನ್ನಬೇಕು. ಆ ಓ ಕೇಳದೆ ನಾನು ಹೊಸ್ತಿಲು ದಾಟುತ್ತಿರಲಿಲ್ಲ. ಬಿಸಿಲಿದ್ದರೂ ನಿಂತೇ ಇರುತ್ತಿದ್ದೆ. ಭಾವ, "ಕಾಲ ಅದಾವಲ್ಲೋ, ಒಳಗ ಬರಾಕ ನಿನಗೇನ ಬ್ಯಾನಿ," ಎಂದು ಬೈಯುತ್ತಿದ್ದರು. ಕೂದಲು ಉದುರಿದ ಮೇಲೂ ನನ್ನ ಆ ಚಾಳಿ ಹೋಗಿಲ್ಲ, ಅವಳದೂ ಹೋಗಿಲ್ಲ.

ಬಾಗಿಲಲ್ಲಿ ನಿಂತು ಕೂಗುವ ವಿದ್ಯೆಯನ್ನು ನಾನು ಕಲಿತದ್ದು ಹಾಗೆ. ಮುಂದೆ ಸರಕಾರ ಅದಕ್ಕೇ ಸಂಬಳವನ್ನೂ ಕೊಟ್ಟಿತು. ನಾನು ಕೋರ್ಟಿನಲ್ಲಿ ಬೇಲಿಫ್ ಆಗಿದ್ದೆ. ದಾವೆ ಬಿದ್ದವರ ಮನೆಗೆ ಸಮನ್ಸು ಮುಟ್ಟಿಸಿ ಬರುವ ಕೆಲಸ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಈ ನಾಲ್ಕು ತಾಲೂಕುಗಳಲ್ಲಿ ಬದಲಿಯಾಗುತ್ತ, ಮೊದಲು ಸೈಕಲ್ಲಿನ ಮೇಲೆ, ಆಮೇಲೆ ಒದ್ದರೆ ಶುರುವಾಗುವ ಒಂದು ಗಾಡಿಯ ಮೇಲೆ ತಿರುಗಿದೆ. ನಾನು ನೋಡದ ಊರಿಲ್ಲ, ಆದರೆ ಯಾವ ಮನೆಯ ಒಳಗನ್ನೂ ನೋಡಲಿಲ್ಲ. ನನ್ನನ್ನು "ಬರ್ರಿ, ಕುಂದರ್ರಿ" ಎಂದವರು ಕಡಿಮೆ. ನನ್ನ ಗಾಡಿಯ ಸಪ್ಪಳ ಕೇಳಿದರೆ ಓಣಿಯ ಗಂಡಸರು ಹಿತ್ತಲ ಬಾಗಿಲಿಂದ ಮಾಯವಾಗುತ್ತಿದ್ದರು.

ಗಂಡಸರು ಮಾಯವಾದ ಮೇಲೆ ಹೊಸ್ತಿಲಿಗೆ ಬಂದು ನಿಲ್ಲುವವರು ಹೆಂಗಸರು. ಅವರಂಥ ಕತೆಗಾರರನ್ನು ನಾನು ಕಂಡಿಲ್ಲ. ಮುದ್ದೇಬಿಹಾಳದ ಹತ್ತಿರದ ಒಂದು ಊರಿನಲ್ಲಿ ಒಬ್ಬಾಕೆ, "ಅವರ ಶ್ರೀಶೈಲಕ್ಕ ನಡಕೋತ ಹೋಗ್ಯಾರ್ರಿ," ಎಂದಳು. ಒಳಗಿನಿಂದ ಗಂಡಸಿನ ಕೆಮ್ಮು ಕೇಳಿತು. "ಅದ ಯಾರವಾ?" ಎಂದೆ. "ನಮ್ಮ ಮಾವನ್ರಿ, ಕಿವಿ ಕೇಳಂಗಿಲ್ಲ." ನಾನು ಮೆಲ್ಲಗೆ, "ಬಾಜೂದವರು ನಿಮ್ಮ ಮಾವ ಹ್ವಾದ ವರ್ಸನ ತೀರಿಕೊಂಡ್ರು ಅಂದ್ರಲ್ಲ," ಎಂದೆ. ಆಕೆ ಕಣ್ಣು ಮಿಟುಕಿಸದೆ, "ಹೌದ್ರಿ, ಅದಕ್ಕ ಕಿವಿ ಕೇಳಂಗಿಲ್ಲ," ಎಂದಳು. ಈ ಉತ್ತರಕ್ಕೆ ಎದುರಾಡಲು ಯಾವ ಕಾನೂನಿನಲ್ಲೂ ಅವಕಾಶವಿಲ್ಲ.

ಬಾಗೇವಾಡಿಯಲ್ಲಿ ಒಬ್ಬ ತಾನೇ ಬಾಗಿಲಿಗೆ ಬಂದು, "ಅವ ಮನ್ಯಾಗ ಇಲ್ರಿ, ನಾ ಅವನ ತಮ್ಮ," ಎಂದ. ಅಷ್ಟಕ್ಕೆ ಬಿಡಬಹುದಿತ್ತು. ಆದರೆ ಅವನಿಗೆ ಹುರುಪು ಬಂತು. "ಅಂವ ಭಾಳ ಹಲ್ಕಟ್ ಮನಶ್ಯಾ ಅದಾನ್ರಿ ಸಾಹೇಬ್ರ. ಅವನ ಸಲುವಾಗಿ ನಮ್ಮವ್ವ ಕಣ್ಣೀರಾಗ ಕೈ ತೊಳ್ಯಾಕತ್ತಾಳ," ಎಂದು ತನ್ನನ್ನೇ ತಾನು ಬೈದುಕೊಳ್ಳುತ್ತ ನಿಂತ. ಬೈದು ಬೈದು ಅವನ ಕಣ್ಣಲ್ಲೇ ನೀರು ಬಂತು. ಪಾಪ ಅನ್ನಿಸಿ ನಾನೇ ಸಮಾಧಾನ ಹೇಳಿ ಬಂದೆ.

ಇಂಥ ರಸವತ್ತಾದ ಸುಳ್ಳುಗಳನ್ನೆಲ್ಲ ಕೇಳಿ ಬಂದು ನಾನು ಬರೆಯುತ್ತಿದ್ದದ್ದು ಮಾತ್ರ ಯಾವಾಗಲೂ ಒಂದೇ ಷರಾ. "ಈ ದಿವಸ ನಾನು ಖುದ್ದಾಗಿ ಸದರಿ ಗ್ರಾಮಕ್ಕೆ ಹೋಗಿ, ಮನೆಯ ಮುಂದೆ ನಿಂತು ಹೆಸರು ಹಿಡಿದು ಕೂಗಲಾಗಿ ಒಳಗಿನಿಂದ ಉತ್ತರ ಬರಲಿಲ್ಲ. ಮತ್ತೊಮ್ಮೆ ಕೂಗಲಾಗಿಯೂ ಬರಲಿಲ್ಲ. ಬಾಜೂದವರನ್ನು ವಿಚಾರಿಸಲಾಗಿ ಸದರಿಯವರು ಮನೆಯಲ್ಲಿ ಇರುವುದಿಲ್ಲವೆಂದು ತಿಳಿಸಿರುತ್ತಾರೆ. ಕಾರಣ ಸಮನ್ಸು ಜಾರಿಯಾಗದೆ ವಾಪಸು." ಕೈ ಇದನ್ನು ಎಷ್ಟು ಸಲ ಬರೆದಿದೆಯೋ, ನಿದ್ದೆಯಲ್ಲಿ ಎಬ್ಬಿಸಿ ಪೆನ್ನು ಕೊಟ್ಟರೂ ಬರೆದೀತು.

ನಿವೃತ್ತಿಯ ದಿನ ಶಾಲು ಹೊದಿಸಿದರು, ಹಾರ ಹಾಕಿದರು. ನಿರೂಪಣೆ ಮಾಡುತ್ತಿದ್ದ ಹುಡುಗಿ ಮೈಕು ನನ್ನ ಬಾಯಿಗೆ ಹಿಡಿದು, "ಇನ್ನ ಮುಂದ ಏನ ಮಾಡ್ಬೇಕಂತ ಮಾಡೀರಿ ಸರ್?" ಎಂದು ಕೇಳಿದಳು. ಮಲಗಬೇಕಂತ ಮಾಡೇನಿ ಎಂಬುದು ಖರೆ ಉತ್ತರ. ಅಷ್ಟು ಜನರ ಮುಂದೆ ಹಾಗೆ ಹೇಳಲು ನಾಚಿಕೆಯಾಗಿ, "ಕತಿ ಬರೀಬೇಕಂತ ಮಾಡೇನ್ರಿ," ಎಂದುಬಿಟ್ಟೆ. ಎಲ್ಲರೂ ಚಪ್ಪಾಳೆ ಹೊಡೆದರು. ಚಪ್ಪಾಳೆ ಹೊಡೆಸಿಕೊಂಡ ಮೇಲೆ ಬರೆಯದೆ ಇರುವುದು ಹೇಗೆ? ಅಲ್ಲದೆ, ಜೀವಮಾನವೆಲ್ಲ ನಿಂತೇ ಕೆಲಸ ಮಾಡಿದವನಿಗೆ ಕೂತು ಮಾಡುವ ಕೆಲಸವೊಂದು ಇದೆ ಎಂಬುದೇ ಸಮಾಧಾನವಾಗಿತ್ತು. ಕೂತು ಮಾಡುವ ಕೆಲಸಕ್ಕೆ ಇಷ್ಟು ದಣಿವಾಗುತ್ತದೆ ಎಂದು ಆಗ ಗೊತ್ತಿರಲಿಲ್ಲ.

ಮೊದಲು ಒಂದು ಪ್ರೇಮಕತೆ ಬರೆದೆ. ಕಸ್ತೂರಿ ಕನ್ನಡಕ ಹಾಕಿಕೊಂಡು ಓದಿದಳು.

"'ಸದರಿ ನಾಯಕಿಯು ಸದರಿ ನಾಯಕನನ್ನು ಕಂಡು ಗುರುತಿಸಿರುತ್ತಾಳೆ.' ಏನ್ರಿ ಇದು? ಈ ಹುಡುಗಿ ಪ್ರೀತಿ ಮಾಡಾಕತ್ತಾಳೋ, ಸಾಕ್ಷಿ ಹೇಳಾಕತ್ತಾಳೋ?"

ತಿದ್ದಿ ಬರೆದು ನನ್ನ ಗೆಳೆಯ ದಸ್ತಗೀರಸಾಬರಿಗೆ ತೋರಿಸಿದೆ. ಅವರು ನಮ್ಮದೇ ಕೋರ್ಟಿನಲ್ಲಿ ಟೈಪಿಸ್ಟ್ ಆಗಿದ್ದು ನನಗಿಂತ ಒಂದು ವರ್ಷ ಮೊದಲು ಬಿಡುಗಡೆಯಾದವರು. ದಿನಾ ಸಂಜೆ ಇಂಡಿ ಬಸ್‌ಸ್ಟ್ಯಾಂಡಿನ ಎದುರಿಗಿನ ಹೋಟೆಲಿನಲ್ಲಿ ನಮ್ಮಿಬ್ಬರ ಚಾ. ಅವರು ಪೂರ್ತಿ ಓದಿ, ಹಾಳೆಗಳನ್ನು ನೀಟಾಗಿ ಜೋಡಿಸಿ, "ಬೇಲಿಫ್ ಸಾಹೇಬ್ರ, ಕತಿ ಚಂದ ಐತಿ. ಮುಂದಿನ ತಾರೀಕು ಯಾವಾಗ?" ಎಂದರು. ಆ ಕತೆಯನ್ನು ಒಂದು ಪತ್ರಿಕೆಗೆ ಕಳಿಸಿದೆ. ಸಮನ್ಸಾದರೂ ವಾಪಸು ಬರುತ್ತಿತ್ತು, ಅದು ಬರಲೇ ಇಲ್ಲ. ಹೀಗೆ ಮೂರ್ನಾಲ್ಕು ಕತೆಗಳಾದವು. ಬರೆಯುವ ಹುರುಪು ಹೋಗಿ ಬರೆಯುವ ಚಟ ಮಾತ್ರ ಉಳಿಯಿತು.

ಅಷ್ಟರಲ್ಲಿ ಅಕ್ಕನಿಗೆ ದಮ್ಮು ಹತ್ತತೊಡಗಿತು. ಕೋಣೆಯಿಂದ ಪಡಸಾಲೆಗೆ ಬಂದರೆ ಕೂತುಬಿಡುತ್ತಿದ್ದಳು. ಅವಳ ಮಗ ಬಸು ವಿಜಯಪುರಕ್ಕೆ ಕರೆದುಕೊಂಡು ಹೋಗಿ ತೋರಿಸಿದ. ಹೃದಯದೊಳಗಿನ ವಾಲ್ವ್ ಕೆಟ್ಟಿದೆ, ಆಪರೇಶನ್ ಮಾಡದಿದ್ದರೆ ಹೆಚ್ಚು ದಿನ ಇಲ್ಲ, ತಡ ಮಾಡಬೇಡಿ ಎಂದು ಡಾಕ್ಟರು ದಿನವನ್ನೂ ಗೊತ್ತು ಮಾಡಿಕೊಟ್ಟರು. ಅಕ್ಕ ಹೂಂ ಅಂದಿದ್ದಳು. ಅಂಗಳದಲ್ಲಿ ಮೆಣಸಿನಕಾಯಿ ಹರವುತ್ತ ಕೂತವಳ ತಲೆಗೆ ಆ ವಾರವೇ ಕಾಗೆ ಬಡಿಯಬೇಕೆ?

"ಕಾಗಿ ದೋಷ ಕಳೀಯೂತನಕ ನಾ ದವಾಖಾನಿ ಪಾವಟಗಿ ತುಳಿಯಂಗಿಲ್ಲ," ಎಂದು ಅಕ್ಕ ಹಟ ಹಿಡಿದಳು. ಬಸು ಅತ್ತ, ಬೈದ, ಡಾಕ್ಟರ ಕೈಲಿ ಫೋನಿನಲ್ಲಿ ಹೇಳಿಸಿದ. ಅವಳದು ಒಂದೇ ಮಾತು. "ಎದಿ ಕೊಯ್ಯೂದು ಹುಡುಗಾಟಲ್ಲ. ಹಿಂದ ಸಾವು ನಿಂತಿತ್ತಂದ್ರ ಡಾಕ್ಟರ ಏನ ಮಾಡ್ಯಾನ?"

ಸರಿ, ಸುಳ್ಳು ಸುದ್ದಿ ಕಳಿಸಿದರಾಯಿತು ಎಂದು ಬಸು ಮುದ್ದೇಬಿಹಾಳದಲ್ಲಿದ್ದ ತಂಗಿ ರೇಣುಕಾಗೆ ಫೋನು ಮಾಡಿ, ದನಿ ನಡುಗಿಸಿ, "ತಂಗೀ, ಅವ್ವ ಹ್ವಾದ್ಲು," ಎಂದ. ಆ ಕಡೆಯಿಂದ ರೇಣುಕಾ, "ಎಲ್ಲಿಗಿ?" ಎಂದಳಂತೆ. "ಸತ್ತಳವಾ!" "ಹೌದೇನು? ಈಗರ ನನಗ ಗುಲಾಬಿ ಹೂವಿಂದ ಗುಡ್ ಮಾರ್ನಿಂಗ್ ಕಳಿಸ್ಯಾಳಲ್ಲ!" ಅಕ್ಕ ದಿನಾ ಬೆಳಿಗ್ಗೆ ಎದ್ದು ಮುಖ ತೊಳೆಯುವ ಮೊದಲು ಬಳಗಕ್ಕೆಲ್ಲ ಮೊಬೈಲಿನಲ್ಲಿ ಹೂವು ಕಳಿಸುತ್ತಾಳೆ. ಸತ್ತ ದಿನವಾದರೂ ಸುಮ್ಮನಿರಬೇಕು ಎಂಬುದು ಅವಳಿಗೆ ಹೊಳೆದಿರಲಿಲ್ಲ. ಆಮೇಲೆ ಬಳಗದಲ್ಲಿ ಯಾರಿಗೆ ಫೋನು ಮಾಡಿದರೂ ನಗುವುದೇ ಆಯಿತು. ಅಳುವವರು ಒಬ್ಬರೂ ಸಿಗಲಿಲ್ಲ.

ಆಪರೇಶನ್ನಿಗೆ ಇನ್ನೇನು ಹತ್ತಿರ ಬಂತು ಎನ್ನುವಾಗ ಅಕ್ಕ ನನಗೆ ಫೋನು ಮಾಡಿದಳು. ಮಾತಿನ ನಡುನಡುವೆ ಉಸಿರು ನಿಲ್ಲಿಸಿಕೊಳ್ಳುತ್ತಿದ್ದಳು.

"ಮಲ್ಲೂ, ನೀ ಕತಿ ಬರಿಯಾಂವ ಅಲ್ಲೇನೊ?"

"ಹೂಂ, ಹಂಗ ಅಂತಾರ."

"ಹಂಗಾರ ನಾ ಸತ್ತದ್ದ ಬರಿ. ಇಲ್ಲಿ ಬಂದು ಎಲ್ಲಾರ ಮುಂದ ಓದು. ಒಬ್ಬರ ಕಣ್ಣಾಗ ನೀರ ಬಂದ್ರೂ ಸಾಕು, ಮರುದಿನ ದವಾಖಾನಿಗೆ ನಡೀತೇನಿ."

"ಸುಳ್ಳಂತ ಗೊತ್ತಿದ್ದ ಮ್ಯಾಲ ಯಾರ ಅಳ್ತಾರ ಯಕ್ಕಾ?"

"ನೀ ಅತ್ತಿರಲಿಲ್ಲೇನ ಅವತ್ತ, ಅವ್ವಗ ಕಾಗಿ ಬಡದಾಗ? ನಾ ಚಿವುಟಿದ್ರೂ ಅತ್ತಿ. ಬರಿ, ಬರಿ. ಇಷ್ಟ ದಿನ ಹಾಳಿ ಹಾಳ ಮಾಡೀದಿ, ಒಂದರ ಉಪಯೋಗಕ್ಕ ಬರ್ಲಿ."

ಫೋನಿಟ್ಟ ಮೇಲೆ ನನಗೆ ಭಯವಾಯಿತು. ಪತ್ರಿಕೆಯವರು ನನ್ನ ಕತೆ ಒಪ್ಪದಿದ್ದರೆ ಯಾರ ಗಂಟೂ ಹೋಗುವುದಿಲ್ಲ. ಈ ಕತೆ ಸೋತರೆ ಅಕ್ಕ ದವಾಖಾನೆಗೆ ಹೋಗುವುದಿಲ್ಲ, ಅಕ್ಕ ಉಳಿಯುವುದಿಲ್ಲ. ಇಂಥ ಸಂಪಾದಕರು ಯಾರಿಗೂ ಬೇಡ.

ಕೂತು ಬರೆದೆ. ಆಕಾಶವೇ ಕಂಬನಿ ಮಿಡಿಯಿತು ಎಂದು ಬರೆದೆ, ಹಕ್ಕಿಗಳು ಮೂಕವಾದವು ಎಂದು ಬರೆದೆ, ಹೊರ್ತಿಯ ಹೊಲದ ಜೋಳವೆಲ್ಲ ತಲೆ ಬಾಗಿಸಿ ನಿಂತಿತು ಎಂದೂ ಬರೆದೆ. ಹೋಟೆಲಿನಲ್ಲಿ ದಸ್ತಗೀರಸಾಬರಿಗೆ ಓದಿ ಹೇಳಿದೆ. ಅವರಿಗೆ ಅಕ್ಕನೆಂದರೆ ಬಹಳ ಗೌರವ. ನಾವಿಬ್ಬರೂ ಹೊಸದಾಗಿ ನೌಕರಿಗೆ ಸೇರಿದಾಗ ವಾರಕ್ಕೊಮ್ಮೆ ಅವಳು ಕಟ್ಟಿ ಕಳಿಸುತ್ತಿದ್ದ ರೊಟ್ಟಿ, ಶೇಂಗಾ ಚಟ್ನಿಯಲ್ಲಿ ಅವರದೂ ಪಾಲಿತ್ತು. ಅವರು ಚಾ ಬಶಿ ಕೆಳಗಿಟ್ಟು, "ನಿಮ್ಮಕ್ಕ ಸತ್ತಾರೋ, ಮಂತ್ರಿ ಸತ್ತಾನೋ?" ಎಂದರು. ಆಮೇಲೆ ತಾವೇ ನೊಂದುಕೊಂಡು, "ತೋಬಾ ತೋಬಾ, ಎಂಥಾ ಮಾತ ಆಡಿಸ್ತೀರಿ ನನ್ನ ಕಡಿಂದ," ಎಂದು ಗಲ್ಲ ಬಡಿದುಕೊಂಡರು.

ಹರಿದು ಮತ್ತೆ ಬರೆದೆ, ಮತ್ತೆ ಹರಿದೆ. ಕಸ್ತೂರಿಗೆ ಓದಿದರೆ ಅವಳು ಆಕಳಿಸಿದಳು. ಅಕ್ಕ ಸಾಯುವುದನ್ನು ಬರೆಯಬೇಕೆಂದರೆ ಅದನ್ನು ಮನಸ್ಸಿನಲ್ಲಿ ಕಾಣಬೇಕಲ್ಲ, ನನಗೆ ಅದೇ ಆಗುತ್ತಿರಲಿಲ್ಲ. ಆ ಕಡೆ ನೋಡದೆ ಬರೀ ಆಕಾಶ, ಹಕ್ಕಿ, ಜೋಳ ಎಂದು ಸುತ್ತಾಡುತ್ತಿದ್ದೆ. ಹೊರ್ತಿಗೆ ಹೋಗುವ ದಿನ ಬೆಳಗಾದರೂ ಕತೆ ಇರಲಿಲ್ಲ. ನನಗೆ ಸಾಕುಸಾಕಾಗಿತ್ತು. ತಲೆ ಓಡುವುದನ್ನು ನಿಲ್ಲಿಸಿತ್ತು. ಬಸ್ಸಿಗೆ ಹೊತ್ತಾಯಿತೆಂದು ಕಸ್ತೂರಿ ಕೂಗುತ್ತಿದ್ದಳು. ಆ ದಣಿವಿನಲ್ಲಿ ಕೈ ತನಗೆ ಗೊತ್ತಿದ್ದ ದಾರಿಯನ್ನೇ ಹಿಡಿಯಿತು. ಏನು ಬರೆದೆನೆಂದು ತಿರುಗಿ ಓದದೆ, ಹಾಳೆಯನ್ನು ಮಡಿಸಿ ಕಿಸೆಗೆ ಹಾಕಿಕೊಂಡು ಹೊರಟೆ.

ದಸ್ತಗೀರಸಾಬರೂ ಜೊತೆಗೆ ಬಂದರು. ಬಸ್ಸಿನಲ್ಲಿ, "ನನ್ನ ಕಣ್ಣಾಗ ಈಗ ಪೊರಿ ಆಪರೇಶನ್ ಆಗೇತಿ, ನೀರ ಬರಬಹುದು ನೋಡೂಣು," ಎಂದು ಧೈರ್ಯ ಹೇಳಿದರು.

ಪಡಸಾಲೆ ತುಂಬಿತ್ತು. ಅಕ್ಕ ಹಾಸಿಗೆಯ ಮೇಲೆ ದಿಂಬಿಗೆ ಒರಗಿ ಕೂತಿದ್ದಳು. ಕಾಲುಗಳು ಬಾತುಕೊಂಡಿದ್ದವು. ಬಸು, ಅವನ ಹೆಂಡತಿ, ಮುದ್ದೇಬಿಹಾಳದಿಂದ ಬಂದ ರೇಣುಕಾ, ಓಣಿಯ ಹೆಂಗಸರೆಲ್ಲ ಸೇರಿದ್ದರು. ಅಳುವುದಕ್ಕೇ ಬಂದವರು ಅವರು. ಮದುವೆಯ ಆಹೇರಿಗೆ ಬಂದಷ್ಟೇ ತಯಾರಾಗಿ ಕೂತಿದ್ದರು. ನಾನು ಹಾಳೆ ಬಿಚ್ಚುವ ಮೊದಲೇ ಬಾಜೂ ಮನೆಯ ಮುದುಕಿಯೊಬ್ಬಳು, "ನಮ್ಮವ್ವಾ ನೀಲವ್ವಾ" ಎಂದು ರಾಗ ಎತ್ತಿದಳು.

"ತಡಿಯ ನಿನ್ನ, ಇನ್ನಾ ನಾ ಸತ್ತಿಲ್ಲ," ಎಂದು ಅಕ್ಕ ಗದರಿದಳು. ಎಲ್ಲರೂ ನಕ್ಕರು. ನಕ್ಕ ಜನ ಇನ್ನು ಅಳುವುದುಂಟೆ?

ಓದತೊಡಗಿದೆ. "ಈ ದಿವಸ ನಾನು ಖುದ್ದಾಗಿ ಹೊರ್ತಿ ಗ್ರಾಮಕ್ಕೆ ಹೋಗಿರುತ್ತೇನೆ." ದಸ್ತಗೀರಸಾಬರು ತಲೆಗೆ ಕೈ ಹಚ್ಚಿಕೊಂಡರು. "ನನ್ನ ಅಕ್ಕನ ಮನೆಯ ಬಾಗಿಲು ತೆರೆದಿತ್ತು. ಅಂಗಳದಲ್ಲಿ ಹರವಿದ ಮೆಣಸಿನಕಾಯಿ ಹಾಗೇ ಇದ್ದವು. ನಾನು ಹೊಸ್ತಿಲ ಹೊರಗೆ ನಿಂತು 'ಯಕ್ಕಾ' ಎಂದು ಕೂಗಲಾಗಿ..."

"ಓ... ಬಂದೆ ತಮ್ಮಾ," ಎಂದಳು ಅಕ್ಕ.

ಪಡಸಾಲೆಯೆಲ್ಲ ಹೋ ಎಂದು ನಕ್ಕಿತು. ಅಕ್ಕನೂ ಹಣೆ ಬಡಿದುಕೊಂಡು, "ಏನ ಮಾಡ್ಲೆವ್ವಾ, ಬಾಯಿಗೆ ಬಂದಬಿಡ್ತು. ಓದು, ಓದು. ಇನ್ನ ಅನ್ನಂಗಿಲ್ಲ," ಎಂದಳು. ಸೆರಗಿನ ತುದಿ ಮುದ್ದೆ ಮಾಡಿ ಬಾಯಿಗೆ ಒತ್ತಿಕೊಂಡಳು. ಅವ್ವ ಬಾಗಿಲ ಹಿಂದೆ ನಿಂತು ಒತ್ತಿಕೊಂಡಂತೆಯೇ.

ನಾನು ಮುಂದಿನ ಸಾಲಿಗೆ ಬಂದೆ. "ಮತ್ತೊಮ್ಮೆ 'ಯಕ್ಕಾ' ಎಂದು ಕೂಗಲಾಗಿ..."

ಅಕ್ಕ ಬಾಯಿ ಬಿಗಿದುಕೊಂಡು ನನ್ನನ್ನೇ ನೋಡುತ್ತಿದ್ದಳು. ಅವಳು ಓ ಅನ್ನಲಿಲ್ಲ. ನನ್ನ ಜೀವಮಾನದಲ್ಲಿ ಮೊದಲ ಸಲ ನಾನು ಯಕ್ಕಾ ಎಂದು ಕೂಗಿದ್ದಕ್ಕೆ ಅವಳು ಓ ಅನ್ನಲಿಲ್ಲ. ಮುಂದೆ "ಒಳಗಿನಿಂದ ಉತ್ತರ ಬರಲಿಲ್ಲ" ಎಂದಿತ್ತು. ಸಾವಿರ ಮನೆಗಳ ಮುಂದೆ ನಿಂತು ನಾನು ಬರೆದ ಸಾಲು ಅದು. ಅದನ್ನು ಓದಲು ನನ್ನಿಂದ ಆಗಲಿಲ್ಲ. ಒಂದು ದಿನ ಈ ಬಾಗಿಲಿಗೆ ಬಂದು ಕೂಗಿದರೆ ಹೀಗೇ ಇರುತ್ತದೆ ಎಂದು ಕಂಡುಬಿಟ್ಟಿತು. ಹಾಳೆ ಕೆಳಗೆ ಬಿತ್ತು. ಇಷ್ಟು ವಯಸ್ಸಿನ ಗಂಡಸು ನಾನು, ಓಣಿಯ ಹೆಂಗಸರೆಲ್ಲರ ಮುಂದೆ ಭೋರೆಂದು ಅತ್ತುಬಿಟ್ಟೆ. ಯಾರು ಚಿವುಟಿದರೂ ನಿಲ್ಲುವ ಅಳು ಅಲ್ಲ ಅದು. ನನ್ನನ್ನು ನೋಡಿ ರೇಣುಕಾ ಅತ್ತಳು, ಬಸು ಹೊರಗೆ ಎದ್ದು ಹೋದ. ರಾಗ ಎತ್ತಿದ್ದ ಮುದುಕಿ ಈಗ ರಾಗವಿಲ್ಲದೆ ಅಳುತ್ತಿದ್ದಳು. ದಸ್ತಗೀರಸಾಬರು ಕನ್ನಡಕ ತೆಗೆದು ಪೊರೆ ತೆಗೆಸಿದ ಕಣ್ಣನ್ನು ಬಹಳ ಹೊತ್ತು ಒರೆಸಿದರು.

ಅಕ್ಕ ಬಾಯಿಂದ ಸೆರಗು ತೆಗೆದಳು.

"ಸಾಕ, ಸಾಕ. ಕೆಲಸಾತು. ಏ ಬಸ್ಯಾ, ಗಾಡಿಗೆ ಹೇಳು, ದವಾಖಾನಿಗೆ ಹೋಗೂಣು." ಆಮೇಲೆ ನನ್ನ ಕಡೆ ತಿರುಗಿ ತಗ್ಗಿದ ದನಿಯಲ್ಲಿ, "ಮಲ್ಲೂ, ಓ. ಓ ಅಂದೆ ನೋಡಪಾ. ಕೇಳಿಸ್ತಿಲ್ಲೊ?" ಎಂದಳು. ನಾನು ತಲೆಯಾಡಿಸಿ, ಬಿದ್ದಿದ್ದ ಹಾಳೆ ಎತ್ತಿಕೊಂಡೆ.

ಆಪರೇಶನ್ನಿನ ದಿನ ನಾನು ಹೊರಗಿನ ಬೆಂಚಿನ ಮೇಲೆ ಕೂತಿದ್ದೆ. ಸಂಜೆ ಡಾಕ್ಟರು ಹೊರಗೆ ಬಂದು ಎಲ್ಲ ಸರಿಯಾಯಿತು ಎಂದಾಗ ದಸ್ತಗೀರಸಾಬರು ನನ್ನ ಭುಜ ತಟ್ಟಿ, "ಬೇಲಿಫ್ ಸಾಹೇಬ್ರ, ಸಮನ್ಸು ಜಾರಿಯಾಗದೆ ವಾಪಸು," ಎಂದರು. ಸಾವಿಗೂ ಒಬ್ಬ ಬೇಲಿಫ್ ಇದ್ದರೆ, ಅವನಿಗೂ ಮೊಣಕಾಲು ನೋವಿದ್ದರೆ, ಒಳಗೊಳಗೇ ಖುಷಿಪಟ್ಟೇ ಹೋಗಿರುತ್ತಾನೆ.

ಆ ಕತೆಯನ್ನು ನಾನು ಯಾವ ಪತ್ರಿಕೆಗೂ ಕಳಿಸಲಿಲ್ಲ. ಅದಾದ ಮೇಲೆ ಬರೆದವುಗಳಲ್ಲಿ ಯಾವುದಕ್ಕೂ ಯಾರೂ ಅತ್ತಿಲ್ಲ. ಅಕ್ಕ ಮಾತ್ರ ಚೇತರಿಸಿಕೊಂಡು, ಮೊದಲಿನಂತೆ ಬೆಳಿಗ್ಗೆ ಹೂವು ಕಳಿಸುತ್ತ, ಬಸುವನ್ನು ಬೈಯುತ್ತ ಇದ್ದಾಳೆ. ಅವಳಿಗೆ ಈಗ ಈ ಕಾಗೆಯ ಸುದ್ದಿ ಮುಟ್ಟಬಾರದು ಎಂಬುದು ನನ್ನ ಆಸೆಯಾಗಿತ್ತು. ಸುದ್ದಿ ಕೇಳಿದರೆ ಅವಳು ಸುಮ್ಮನೆ ಕೂರುವವಳಲ್ಲ.

ಕಸ್ತೂರಿ ಫೋನು ತಂದು ನನ್ನ ಕಿವಿಗೆ ಹಿಡಿದಳು.

"ಕಾಗಿ ಬಡೀತಂತಲ್ಲೊ?" ಅಕ್ಕನ ದನಿ. "ಅಂಜಬ್ಯಾಡ. ಬಸುನ ಕರಕೊಂಡು ಈ ಬಸ್ಸಿಗೆ ಬರ್ತೇನಿ. ನಿಮ್ಮ ಬಾಗಲದಾಗ ನಿಂತು ನಾ ಒದರ್ತೇನಿ, ನೀ ಓ ಅನಬ್ಯಾಡ. ನೀ ಇಲ್ಲಂತ ತಿಳಕೊಂಡು ನಾ ಅತ್ತಬಿಡ್ತೇನಿ, ಕಾಗಿ ದೋಷ ಹೋಗ್ತೈತಿ."

"ಯಕ್ಕಾ, ಎದಿ ಕೊಯ್ಸಿಕೊಂಡಾಕಿ ನೀ, ಇದಕ್ಯಾಕ..."

"ಓ ಅನಬ್ಯಾಡ ಅಂದೇನಿ. ಅಷ್ಟ ನೆನಪಿಟ್ಕೋ," ಎಂದು ಇಟ್ಟುಬಿಟ್ಟಳು.

ತಲೆಗೆ ನೀರು ಹಾಕಿಕೊಂಡು ಒಳಗೆ ಕೂತು ಇದನ್ನೆಲ್ಲ ಬರೆಯತೊಡಗಿದೆ. ಸುಳ್ಳೆಂದು ಗೊತ್ತಿದ್ದೂ ಅವಳು ಹೇಗೆ ಅಳುತ್ತಾಳೆ ಎಂದು ಯೋಚಿಸುತ್ತಿದ್ದೆ. ಹೊರಗೆ ಆಟೋ ನಿಂತ ಸಪ್ಪಳ. ಕಸ್ತೂರಿ ಓಡಿ ಬಂದು ನನ್ನ ಬಾಯಿಗೆ ಕೈ ಅಡ್ಡ ಹಿಡಿದಳು. ಬಾಗಿಲಲ್ಲಿ ಅಕ್ಕನ ದನಿ ಕೇಳಿತು.

"ಮಲ್ಲೂ..."

"ಓ... ಬಂದೆ ಯಕ್ಕಾ," ಎಂದುಬಿಟ್ಟೆ, ಕಸ್ತೂರಿಯ ಬೆರಳುಗಳ ಸಂದಿಯಿಂದಲೇ.

"ಮುಳುಗಿತು," ಎಂದು ಕಸ್ತೂರಿ ಹಣೆಗೆ ಕೈ ಹಚ್ಚಿಕೊಂಡಳು. ನಾನು ಹೊರಗೆ ಹೋದೆ. ಅಕ್ಕ ಬಾಗಿಲ ಚೌಕಟ್ಟು ಹಿಡಿದು ದಣಿದು ನಿಂತಿದ್ದಳು, ಹಿಂದೆ ಬಸು ಆಟೋದವನಿಗೆ ದುಡ್ಡು ಕೊಡುತ್ತಿದ್ದ. ಅವಳ ಮೂಗು ಕೆಂಪಾಗಿತ್ತು, ಸೆರಗಿನ ತುದಿ ಒದ್ದೆಯಾಗಿತ್ತು.

"ನೀ ಬಾಯಿ ಮುಚ್ಚಿಕೊಂಡ ಇರೂದಿಲ್ಲಂತ ನನಗ ಗೊತ್ತಿತ್ತು," ಎಂದಳು. "ಅದಕ್ಕ ಹೊರ್ತಿ ಬಿಟ್ಟಾಗಿಂದ ಬಸ್ಸಿನಾಗ ಕುಂತು ಅತ್ತ ಮುಗಿಸೇನಿ. ಸರಿ ಆ ಕಡೆ, ಒಳಗ ಬರಾಕ ಬಿಡು. ಕುಡಿಯಾಕ ನೀರ ಕೊಡು."